ಹಗೇವಿನ ಮೇಲಿನ ಖೋಲಿ

ಮುದ್ದೇಬಿಹಾಳದ ನಮ್ಮ ಮನೆಯ ನೆಲಮಾಳಿಗೆಯಲ್ಲಿ, ಪೂರ್ವದ ಮೂಲೆಗೆ, ಒಂದು ದುಂಡನೆಯ ಕಲ್ಲಿನ ಮುಚ್ಚಳವಿದೆ. ಅದರ ಕೆಳಗೆ ಹಗೇವು. ಜೋಳ ತುಂಬಿಡಲೆಂದು ನನ್ನ ಗಂಡನ ಅಜ್ಜ ನೆಲದಲ್ಲಿ ತೋಡಿಸಿದ್ದ ಕುಣಿ ಅದು. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು, ಥೇಟ್ ಮಣ್ಣಿನ ಹೂಜಿಯ ಆಕಾರ. ನಾನು ಈ ಮನೆಗೆ ಸೊಸೆಯಾಗಿ ಬರುವ ಹೊತ್ತಿಗೆ ಅದರಲ್ಲಿ ಕಾಳು ಹಾಕುವುದು ನಿಂತು ಎಷ್ಟೋ ಕಾಲವಾಗಿತ್ತು.

ಆದರೆ ಹಗೇವು ತೆಗೆಯುವುದನ್ನು ನಾನು ಸಣ್ಣವಳಿದ್ದಾಗ ಕಂಡವಳೇ. ನನ್ನ ತವರು ಸಿಂದಗಿ ತಾಲ್ಲೂಕಿನ ಕನ್ನೊಳ್ಳಿ. ಅಲ್ಲಿ ಮುಚ್ಚಳದ ಸುತ್ತಲಿನ ಮಣ್ಣು ಕೆರೆದು ಕಲ್ಲು ಸರಿಸುತ್ತಿದ್ದಂತೆ ಎಲ್ಲರೂ ಹಿಂದೆ ಸರಿದು ನಿಲ್ಲುತ್ತಿದ್ದರು. ಒಳಗಿನಿಂದ ಹುಳಿಹುಳಿಯಾದ ಬೆಚ್ಚನೆಯ ಉಸಿರು ಬರುತ್ತಿತ್ತು. ಅದು ಹೋಗಲೆಂದು ಬಾಯಿ ತೆರೆದಿಟ್ಟು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಮೆಲ್ಲಗೆ ಇಳಿಬಿಡುವುದು. ಕಂದೀಲು ಆರಿತೋ, ಯಾರೂ ಇಳಿಯುವ ಹಾಗಿಲ್ಲ. ಉರಿಯುತ್ತಲೇ ಇದ್ದರೆ ಆಳು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯುತ್ತಿದ್ದ. ಆ ಜೋಳದ ರೊಟ್ಟಿಗೆ ತನ್ನದೇ ಒಂದು ಮುಗ್ಗು ವಾಸನೆ. ವಿಜಯಪುರದ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಬಿಳಿ ಬ್ರೆಡ್ಡು ತಿನ್ನುತ್ತ ಕೂತಾಗ ನನಗೆ ಮೊದಲು ನೆನಪಾಗುತ್ತಿದ್ದುದು ಆ ವಾಸನೆಯೇ.

ಹಳೆಯ ಮನೆ ಕೆಡವಿ ಹೊಸದು ಕಟ್ಟಿದಾಗ, ರಸ್ತೆಯ ಇಳಿಜಾರಿಗೆ ಹೊಂದಿಸಲು ಒಂದು ಅಂತಸ್ತು ಅರ್ಧ ನೆಲದೊಳಗೆ ಹೋಯಿತು. ಬಜಾರಿನಲ್ಲಿ ನಮ್ಮದು ಪಾತ್ರೆಯ ಅಂಗಡಿ. ಹಂಡೆ, ಕೊಪ್ಪರಿಗೆ, ಇನ್ನೂ ರಟ್ಟಿನ ಡಬ್ಬಿ ಬಿಚ್ಚದ ಕುಕ್ಕರುಗಳು ಎಲ್ಲ ಆ ನೆಲಮಾಳಿಗೆಯಲ್ಲಿ ಬಿದ್ದಿರುತ್ತಿದ್ದವು. ಪಾಯ ಅಗೆದಾಗ ಹಗೇವಿನ ಕೊರಳು ಹೋಗಿ ಹೊಟ್ಟೆಯಷ್ಟೇ ಉಳಿದಿತ್ತು. ಮಣ್ಣು ತುಂಬಿ ಮುಚ್ಚಿಬಿಡಿ ಎಂದು ಎಲ್ಲರೂ ಹೇಳಿದರು. ನನ್ನ ಗಂಡ ಕೇಳಲಿಲ್ಲ.

"ಅಜ್ಜ ತೋಡ್ಸಿದ್ದನ್ನ ಮುಚ್ಚಾಕ ನಾ ಯಾಂವ?" ಎಂದವರು ಇಟ್ಟಿಗೆಯಿಂದ ಹೊಸ ಕೊರಳು ಕಟ್ಟಿಸಿ, ಹಳೆಯ ಕಲ್ಲಿನ ಮುಚ್ಚಳವನ್ನೇ ನೆಲದ ಮಟ್ಟಕ್ಕೆ ಕೂರಿಸಿದರು. ಅದನ್ನು ಪಾಲೀಶು ಮಾಡಿಸಿದಾಗ ಕಲ್ಲಿನೊಳಗಿಂದ ಕೆಂಪು ಚುಕ್ಕೆಗಳು ಎದ್ದು ಬಂದವು. ನೋಡಲು ಚೆಂದವೇ ಆಗಿತ್ತು, ಸುಳ್ಳು ಹೇಳಬಾರದು.

ಆ ನೆಲಮಾಳಿಗೆಯನ್ನು ಖೋಲಿ ಮಾಡುವ ಮಾತು ಬಂದದ್ದು ಅಕ್ಕನಿಗಾಗಿ. ಅಕ್ಕ ಎಂದರೆ ನನ್ನ ಗಂಡನ ಹಿರಿಯಕ್ಕ. ಮದುವೆಯಾದವರಲ್ಲ. ಇಂಡಿ ಪಟ್ಟಣದಲ್ಲಿ ಹುಡುಗಿಯರ ಹಾಸ್ಟೆಲ್ಲಿನ ವಾರ್ಡನ್ ಆಗಿ ಇಡೀ ನೌಕರಿ ಮುಗಿಸಿದವರು. ಅಲ್ಲಿಯ ಆಫೀಸಿನ ಪಕ್ಕದ ಸಣ್ಣ ಕೋಣೆಯೇ ಅವರ ಮನೆ. ಹರೆಯದಲ್ಲಿ ಕ್ಷಯ ಬಂದು ಒಂದು ಕಡೆಯ ಪುಪ್ಪುಸ ಕುಗ್ಗಿಹೋಗಿತ್ತು. ನಿವೃತ್ತಿಯ ನಂತರ ಹಿಡಿದ ಬಾಡಿಗೆ ಮನೆಯ ತಗಡು ಬೇಸಿಗೆಯಲ್ಲಿ ಕಾದು ಹಂಚಾಗುತ್ತಿತ್ತು, ಅವರಿಗೆ ಉಸಿರು ಮೇಲೆ ಹತ್ತುತ್ತಿರಲಿಲ್ಲ. "ಇರೂದು ಒಂದ ಪುಪ್ಪುಸ, ಅದನ್ನ ಜ್ವಾಕಿ ಮಾಡ್ರಿ" ಎಂದು ಡಾಕ್ಟರು ನಮ್ಮ ಮುಂದೆಯೇ ಹೇಳಿದ್ದರು. ನಮ್ಮ ಮಹಡಿಯ ಕೋಣೆಗಳಿಗೆ ಮೆಟ್ಟಿಲು ಬಹಳ, ಮೇಲೆ ಬಿಸಿಲೂ ಬಹಳ. ಕೆಳಗಾದರೆ ನಾಲ್ಕೈದು ಮೆಟ್ಟಿಲು ಇಳಿದರೆ ಸಾಕು, ಮೇ ತಿಂಗಳಲ್ಲೂ ತಂಪು.

"ನನಗಂತ ಖೋಲಿ ಕಟ್ಟಸ್ತೀರೇನು?" ಎಂದು ಅಕ್ಕ ಫೋನಿನಲ್ಲಿ ಕೇಳಿದ ದನಿ ನನಗಿನ್ನೂ ಕಿವಿಯಲ್ಲಿದೆ. ಗದರುವ ದನಿಯೇ. ಆದರೆ ಹಿಂದೆಯೇ, "ಗ್ವಾಡಿಗೆ ಎಳಿ ಹಸರ ಬಣ್ಣ ಹೊಡಸ್ರಿ. ಹಾಸ್ಟೆಲ್‌ದಾಗ ಎಲ್ಲಾ ಸುಣ್ಣನ ನೋಡೀನಿ" ಎಂದರು.

ಹಾಗಾಗಿ ಪುದೀನಾ ಎಲೆಯ ಹಿಂಭಾಗದ ಬಣ್ಣ ಬಂತು. ಗೋಡೆಗೆ ನೀರು ಜಿನುಗದ ಲೇಪ, ನೆಲಕ್ಕೆ ಜಾರದ ಟೈಲ್ಸು, ಮೂಲೆಗೊಂದು ಸ್ನಾನದ ಮನೆ. ರಸ್ತೆಯ ಮಟ್ಟದಲ್ಲಿದ್ದ ಎರಡು ಗೇಣುದ್ದದ ಕಿಟಕಿಗಳಿಂದ ಧೂಳು ಬರಬಾರದೆಂದು ಗಾಜು ಕೂರಿಸಿ ಬಿಗಿ ಮಾಡಿಸಿದೆವು. ಕೆಟ್ಟ ಗಾಳಿ ಹೊರಹೋಗಲೆಂದು ಸ್ನಾನದ ಮನೆಯ ಗೋಡೆಯಲ್ಲಿ ಒಂದು ಎಕ್ಸಾಸ್ಟ್ ಫ್ಯಾನು. ಅವರ ಔಷಧದ ಆವಿ ಯಂತ್ರ ಇಡಲು ಮಂಚದಿಂದ ಕೈಗೆಟುಕುವ ಎತ್ತರಕ್ಕೆ ನಾನೊಂದು ಹಲಗೆ ಹೊಡೆಸಿದೆ. ಅದರ ಅಂಚು ಕೈಗೆ ತಾಗಬಾರದೆಂದು ಉಜ್ಜಿಸಿ ದುಂಡಗೆ ಮಾಡಿಸಿದೆ.

ಎಲ್ಲ ಮುಗಿದ ಮೇಲೆ ನನ್ನ ಗಂಡ ಹಗೇವಿನ ಮುಚ್ಚಳ ಸರಿಸಿ, ಹಿತ್ತಾಳೆಯ ದೀಪವೊಂದಕ್ಕೆ ಹುರಿ ಕಟ್ಟಿ ಒಳಗೆ ಇಳಿಬಿಟ್ಟರು. ಮೊಬೈಲಿನಲ್ಲಿ ಅಕ್ಕನಿಗೂ ತೋರಿಸಿದರು.

"ನೋಡು ಅಕ್ಕಾ, ಕುಡಿ ಒಂಚೂರರ ಅಳ್ಳಾಡಾಕತ್ತೈತೇನು?"

"ಇಲ್ಲೋ ತಮ್ಮಾ. ದೇವರ ಮುಂದ ಇಟ್ಟಂಗ ಐತಿ."

"ಮತ್ತ? ಗಾಳಿ ಚೊಕ್ಕ ಐತಿ ಅಂದಂಗಾತು."

ನನಗೂ ಹಾಗೇ ಅನ್ನಿಸಿತು. ಕನ್ನೊಳ್ಳಿಯಲ್ಲಿ ಕಂಡದ್ದೂ ಅದೇ ಅಲ್ಲವೇ? ದೀಪ ಮೇಲೆತ್ತಿ ಮುಚ್ಚಳ ಮುಚ್ಚಿ, ಅದರ ಮೇಲೆ ಅಂಗಡಿಯಿಂದ ತಂದ ಹಿತ್ತಾಳೆ ಕೊಡವೊಂದನ್ನು ಅಲಂಕಾರಕ್ಕೆ ಇಟ್ಟೆವು.

ನನ್ನ ಕಾನ್ವೆಂಟಿನ ಗೆಳತಿಯೊಬ್ಬಳು ಬಸವನ ಬಾಗೇವಾಡಿಯಲ್ಲಿ ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕಿ. ಆ ವಾರ ಅವಳು ತಾಮ್ರದ ಹಂಡೆ ಬೇಕೆಂದು ನಮ್ಮ ಅಂಗಡಿಗೆ ಬಂದವಳು ಊಟಕ್ಕೆ ಮನೆಗೆ ಬಂದಳು. ನಾನು ಹೆಮ್ಮೆಯಿಂದ ಖೋಲಿ ತೋರಿಸಲು ಕರೆದೊಯ್ದೆ. ಬಣ್ಣ ಮೆಚ್ಚಿದಳು, ಹಲಗೆಯ ಅಂಚು ಸವರಿ ನೋಡಿದಳು. ಕೊಡ ಯಾಕೆ ಮೂಲೆಯಲ್ಲಿ ಎಂದು ಕೇಳಿದಳು. ಹಗೇವಿನ ಕಥೆ, ದೀಪದ ಕಥೆ ಎರಡನ್ನೂ ಹೇಳಿದೆ. ಅವಳು ಕಿಟಕಿಯ ಕಡೆ ನೋಡಿದಳು, ಮುಚ್ಚಳದ ಕಡೆ ನೋಡಿದಳು.

"ಲೇ, ರೇಡಾನ್ ಅಂತ ಕೇಳಿಯೇನು?"

"ಇಲ್ಲ. ಏನದು, ಔಷಧೇನು?"

ಅವಳು ಮೆಟ್ಟಿಲ ಮೇಲೆ ಕೂತು ಹೇಳಿದಳು. ಕಲ್ಲು ಮಣ್ಣಿನಲ್ಲಿ ಎಲ್ಲ ಕಡೆಯೂ ಚೂರು ಚೂರು ಯುರೇನಿಯಂ ಇರುತ್ತದಂತೆ. ಅದು ಸವೆಯುತ್ತ ಸವೆಯುತ್ತ ಒಂದು ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಲ್ಲಿ ಗಾಳಿಗೆ ಹಾರಿಹೋಗುತ್ತದೆ. ನೆಲದೊಳಗಿನ ಮುಚ್ಚಿದ ಕೋಣೆಯಲ್ಲಿ ಮಾತ್ರ ಬಿರುಕು, ಸಂದಿಗಳಿಂದ ಸೇರಿ ತುಂಬಿಕೊಳ್ಳುತ್ತದೆ. ವರ್ಷಗಟ್ಟಲೆ ಅದನ್ನೇ ಉಸಿರಾಡಿದರೆ ಪುಪ್ಪುಸದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ.

"ದೀಪ ಉರೀತಲ್ಲ?" ಎಂದೆ ನಾನು, ಮಗುವಿನಂತೆ.

"ದೀಪ ಸುಳ್ಳ ಹೇಳಿಲ್ಲವಾ. ಉಸಿರಾಡಾಕ ಆಮ್ಲಜನಕ ಐತೋ ಇಲ್ಲೋ ಅನ್ನೂದನ್ನ ಹೇಳೇತಿ, ಅಷ್ಟ. ರೇಡಾನ್ ಎಷ್ಟಿದ್ರೂ ಅದು ಹಂಗ ಉರೀತೈತಿ."

ನಾನು ಅವಳ ಪಕ್ಕದಲ್ಲೇ ಕೂತೆ. ಅಕ್ಕನ ಆ ಒಂದು ಪುಪ್ಪುಸ ನನ್ನ ಕಣ್ಣ ಮುಂದೆ ಬಂತು. ಅವಳು ನನ್ನ ಕೈ ಹಿಡಿದು, "ಈಗ ಅಂಜಬ್ಯಾಡ. ಕಾಲೇಜಿನ ಅಭ್ಯಾಸಕ್ಕಂತ ಇಂಗಳೇಶ್ವರದಾಗ, ತಾಳಿಕೋಟ್ಯಾಗ ಎಷ್ಟೋ ಮನ್ಯಾಗ ಅಳದ ನೋಡೀನಿ, ಕೆಲವು ಕಡೆ ಏನೂ ಇರಂಗಿಲ್ಲ. ಒಂದ ಓಣ್ಯಾಗ ಈ ಮನಿಗೊಂದು, ಆ ಮನಿಗೊಂದು. ಅಳೀಲಾರದ ಗೊತ್ತಾಗಂಗಿಲ್ಲ" ಎಂದಳು.

ಮುಂದಿನ ಸಲ ಬರುವಾಗ ಅಂಗೈ ಅಗಲದ ಬಿಳಿ ಪೆಟ್ಟಿಗೆಯೊಂದನ್ನು ತಂದಳು. ಮುಖದ ಮೇಲೆ ಅಂಕಿ ಮೂಡುವಂಥದು. ಅಕ್ಕ ಮಲಗುವ ಎತ್ತರದಲ್ಲಿ, ಗೋಡೆಯಿಂದ ದೂರಕ್ಕೆ ಇಡಿಸಿದಳು. ಖೋಲಿಯಲ್ಲಿ ವಾಸ ಮಾಡುವಾಗ ಕಿಟಕಿ, ಫ್ಯಾನು ಹೇಗಿರುತ್ತವೋ ಈಗಲೂ ಹಾಗೇ ಇರಲಿ, ಪೆಟ್ಟಿಗೆಯನ್ನು ಕೆಲವು ವಾರ ಯಾರೂ ಮುಟ್ಟಬೇಡಿ ಎಂದಳು. ಅಂಕಿ ನೂರು ದಾಟಿದರೆ ಯೋಚನೆ ಮಾಡಬೇಕು, ಮುನ್ನೂರು ದಾಟಿದರೆ ತಡ ಮಾಡಬಾರದು. ಅದರ ಅಳತೆಯ ಹೆಸರು ಬೆಕ್ಕೆರೆಲ್ ಎಂದಾಗ ನನ್ನ ಗಂಡ, "ನಮ್ಮ ಅಂಗಡ್ಯಾಗ ಕಿಲೋ ಬಿಟ್ರ ಬ್ಯಾರೆ ಗೊತ್ತಿಲ್ಲ ನೋಡ್ರಿ" ಎಂದು ನಕ್ಕರು. ನಗುವಿನೊಳಗೆ ಗಾಬರಿ ಇತ್ತು. ಹಗೇವು ಉಳಿಸಿದವರು ಅವರೇ ತಾನೆ.

ಇಷ್ಟರಲ್ಲಿ ಅಕ್ಕ ಬಂದೇಬಿಟ್ಟರು. ಬಾಡಿಗೆ ಮನೆ ಬಿಟ್ಟಾಗಿತ್ತು, ಟೆಂಪೊ ಮಾತಾಗಿತ್ತು. ಮಂಚ, ಒಂದು ಕಬ್ಬಿಣದ ಟ್ರಂಕು, ಹಾಸ್ಟೆಲಿನ ಹುಡುಗಿಯರು ಬೀಳ್ಕೊಡುವಾಗ ಕೊಟ್ಟ ಗೋಡೆ ಗಡಿಯಾರ. ಹೇಗೆ ಹೇಳುವುದೆಂದು ನಾನು ತಡವರಿಸುತ್ತಿರುವಾಗಲೇ ನನ್ನ ಗಂಡ, "ಅಕ್ಕಾ, ಕೆಳಗ ಬಣ್ಣದ ವಾಸನಿ ಐತಿ, ನಾಕ ದಿನ ಮ್ಯಾಲ ಇರು" ಎಂದುಬಿಟ್ಟರು. ನಡುಮನೆಯ ಪಕ್ಕದ ನಮ್ಮ ಕೋಣೆಯನ್ನು ಅವರಿಗೆ ಬಿಟ್ಟು ನಾವು ನಡುಮನೆಯಲ್ಲಿ ಹಾಸಿಕೊಂಡೆವು.

ಅಕ್ಕ ಟ್ರಂಕು ಬಿಚ್ಚಲಿಲ್ಲ. ನಾನು ಅದನ್ನು ಗಮನಿಸಿದೆ. ದಿನವೂ ಸೀರೆ ಬೇಕಾದಾಗ ಬೀಗ ತೆಗೆದು, ಒಂದೇ ಸೀರೆ ತೆಗೆದು, ಮತ್ತೆ ಬೀಗ ಹಾಕಿ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ಗಡಿಯಾರ ಹಳೆಯ ಟವೆಲಿನಲ್ಲಿ ಸುತ್ತಿದ್ದು ಹಾಗೇ ಮಂಚದ ಕೆಳಗಿತ್ತು, ಅಲ್ಲಿಂದಲೇ ಟಿಕ್ ಟಿಕ್ ಅನ್ನುತ್ತಿತ್ತು. ಒಂದು ದಿನ ನಾನು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಾಗ ಅವರು ಕೆಳಗೆ ಹೋಗಿ ಬಂದರು. ಬಾಗಿಲಲ್ಲಿ ನಿಂತರು.

"ಏನವಾ, ಬಣ್ಣದ ವಾಸನಿ ಎಲ್ಲೈತಿ? ನನ್ನ ಪುಪ್ಪುಸ ಹೋಗೇತಿ, ಮೂಗ ಹೋಗಿಲ್ಲ."

ನಾನು ಕೈ ತೊಳೆದುಕೊಂಡೆ. ಪೆಟ್ಟಿಗೆಯ ಅಂಕಿ ಆ ಬೆಳಿಗ್ಗೆಯೇ ನೋಡಿದ್ದೆ. ನಾನೂರನ್ನು ದಾಟಿ ನಿಂತಿತ್ತು. ಕೆಲವು ವಾರಗಳ ಸರಾಸರಿಯೇ ಅಷ್ಟು. ಗೆಳತಿಗೆ ಫೋನು ಮಾಡಿದ್ದೆ, "ಅಕ್ಕನ್ನ ಕೆಳಗ ಮಲಗಸಬ್ಯಾಡ. ನಾ ಬರ್ತೇನಿ, ಇದಕ್ಕ ದಾರಿ ಐತಿ" ಎಂದಿದ್ದಳು. ಎಲ್ಲವನ್ನೂ ಅಕ್ಕನಿಗೆ ಹೇಳಿದೆ. ಕಾಣದ ಗಾಳಿ, ವಾಸನೆಯಿಲ್ಲದ ಗಾಳಿ, ಕಲ್ಲಿನಿಂದ ಬರುವ ಗಾಳಿ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಕಟ್ಟುಕಥೆಯಂತೆ ಕೇಳಿಸತೊಡಗಿತು.

ಅಕ್ಕ ಸೆರಗಿನ ಗಂಟನ್ನು ಬೆರಳಿನಿಂದ ತಿರುವುತ್ತ ಕೇಳಿದರು. ಆಮೇಲೆ ಮೆಲ್ಲಗೆ, "ಖೋಲಿ ಕೊಡಾಕ ಮನಸಿಲ್ಲಂದ್ರ ಇಲ್ಲ ಅನ್ರಿ. ಪಾಪ, ಗಾಳಿ ಮ್ಯಾಲ ಯಾಕ ಹಾಕ್ತೀರಿ? ನಾ ಇಂಡಿಗೆ ಹೊಳ್ಳಿ ಹೋಗ್ತೇನಿ. ಹಾಸ್ಟೆಲ್‌ದಾಗ ಒಂದ ಮೂಲಿ ಕೊಡ್ತಾರ" ಎಂದರು.

ಬೈದಿದ್ದರೆ ಸಹಿಸಬಹುದಿತ್ತು. ಆ 'ಪಾಪ' ನನ್ನ ಎದೆಗೆ ನಾಟಿತು. ಅವರ ಪುಪ್ಪುಸ ಉಳಿಸಲು ಹೋಗಿ ಅವರನ್ನೇ ಕಳೆದುಕೊಳ್ಳುತ್ತೇವೇನೋ ಎಂಬ ಭಯ ಹಿಡಿಯಿತು. ಕೆಳಗೆ ಹೋಗಿ ಆ ಬಿಳಿ ಪೆಟ್ಟಿಗೆಯನ್ನೇ ತಂದು ಅವರ ಕೈಗೆ ಕೊಟ್ಟೆ.

"ಅಕ್ಕಾರ, ನನ್ನ ಮಾತ ನಂಬಬ್ಯಾಡ್ರಿ. ಇದನ್ನ ನೀವ ಇಟ್ಟಕೊಳ್ರಿ. ನಿಮಗ ಬೇಕಾದಲ್ಲಿ ಇಟ್ಟ ನೋಡ್ರಿ."

ಅವರು ಕನ್ನಡಕ ಏರಿಸಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖಕ್ಕೆ ಹಳೆಯ ವಾರ್ಡನ್ನಿನ ಕಳೆ ಬಂತು. "ಪರೀಕ್ಷಾ ಬಂದ್ರ ಜ್ವರ ಬಂದಾವ ಅನ್ನೂ ಹುಡುಗ್ಯಾರಿಗೆ ಥರ್ಮಾಮೀಟರ್ ಇಟ್ಟಾಕಿ ನಾ. ಬಿಸಿ ಚಾದಾಗ ಅದ್ದಿ ತೋರ್ಸೂವರನ್ನೂ ಹಿಡದೀನಿ" ಎಂದರು.

ಆವತ್ತಿನಿಂದ ಪೆಟ್ಟಿಗೆ ಅಕ್ಕನ ಸುಪರ್ದಿಗೆ ಹೋಯಿತು. ಮೊದಲು ತಾವು ಮಲಗುವ ಕೋಣೆಯಲ್ಲಿ, ಆಮೇಲೆ ನಡುಮನೆಯಲ್ಲಿ, ಆಮೇಲೆ ಮತ್ತೆ ಕೆಳಗೆ. ಪ್ರತಿ ಕಡೆಯೂ ಕೆಲವು ದಿನ ಬಿಟ್ಟು ನೋಡಿದರು. ಕೆಳಗೆ ಇಟ್ಟಾಗ ನಮ್ಮನ್ನು ಯಾರನ್ನೂ ಹತ್ತಿರ ಬಿಡಲಿಲ್ಲ. ನನ್ನ ಗಂಡ ಇಣುಕಲು ಹೋದರೆ, "ನಕಲು ಮಾಡಬ್ಯಾಡ, ನಡಿ" ಎಂದು ಗದರಿದರು. ಮೇಲೆಲ್ಲ ಅಂಕಿ ಸಣ್ಣದು. ಕೆಳಗೆ ಇಟ್ಟಾಗ ಮತ್ತೆ ಅದೇ ನಾನೂರರ ಆಚೆ. ಅಂದು ಅವರು ಮೆಟ್ಟಿಲು ಹತ್ತಿ ಬಂದು ನನ್ನ ಪಕ್ಕ ಕೂತು ಅವರೆಕಾಯಿ ಸುಲಿಯಲು ತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ, "ಖರೇನ ಜ್ವರ ಬಂದೈತಿ ನಿಮ್ಮ ಖೋಲಿಗೆ" ಎಂದರು.

ನಾನು ನಕ್ಕೆ. ಯಾಕೋ ಕಣ್ಣಲ್ಲಿ ನೀರೂ ಬಂತು. "ನಿಮ್ಮ ಖೋಲಿಗ್ರಿ" ಎಂದೆ.

"ಅಲ್ಲವಾ, ಅದರಿಂದ ಏನರ ಆಗಾಕ ಭಾಳ ವರ್ಷ ಬೇಕು ಅಂತೀರಿ. ಅಷ್ಟ ವರ್ಷ ನಾ ಎಲ್ಲಿರ್ತೇನಿ?"

"ಇಲ್ಲೇ ಇರ್ತೀರಿ. ಮತ್ತೆಲ್ಲಿ ಹೋಗ್ತೀರಿ?"

ಅವರು ಸುಲಿದ ಕಾಳನ್ನು ನನ್ನ ಬುಟ್ಟಿಗೆ ಸುರಿದರು.

ಗೆಳತಿ ಬಂದ ದಿನ ನಾವೆಲ್ಲ ಕೆಳಗಿಳಿದೆವು. ನಾನು ಮೊದಲು ಮಾಡಿದ್ದು ಕಿಟಕಿಗಳ ಬಿಗಿ ತೆಗೆದು ತೆರೆದದ್ದು. ಬೋರ್ಡಿಂಗಿನಲ್ಲಿ ಎದ್ದ ಕೂಡಲೆ, ಪ್ರಾರ್ಥನೆಗೂ ಮುಂಚೆ, ಕಿಟಕಿ ತೆರೆಯಬೇಕಿತ್ತು. ಚಳಿಗಾಲದಲ್ಲೂ ಸಿಸ್ಟರ್ ಬಂದು ಚಿಲಕ ಮುಟ್ಟಿ ನೋಡುತ್ತಿದ್ದರು. ಗೆಳತಿಗೂ ಅದೇ ನೆನಪಾಯಿತು. "ಸಿಸ್ಟರ್ ಇದ್ದಿದ್ರ ಇಬ್ರಿಗೂ ಮಣಕಾಲ ಊರಸ್ತಿದ್ರು" ಎಂದು ನಕ್ಕಳು. ಆದರೆ ಧೂಳಿನಿಂದ ಅಕ್ಕನಿಗೆ ಕೆಮ್ಮು ಬರುತ್ತದೆ, ಕಿಟಕಿಯೊಂದನ್ನೇ ನಂಬುವ ಹಾಗಿಲ್ಲ. ಅಲ್ಲದೆ ಕಿಟಕಿ ಮುಚ್ಚಿದಾಗಿನ ಲೆಕ್ಕವೇ ನಿಜವಾದ ಲೆಕ್ಕ ಎಂದಳು. ಮತ್ತೆ ಮುಚ್ಚಿಸಿ, ದೇವರ ಮನೆಯಿಂದ ಒಂದು ಊದುಬತ್ತಿ ತರಲು ಹೇಳಿದಳು.

ಹಿತ್ತಾಳೆ ಕೊಡ ಸರಿಸಿ, ಹೊಗೆಯಾಡುವ ಊದುಬತ್ತಿಯನ್ನು ಮುಚ್ಚಳದ ಸಂದಿಗೆ ಹಿಡಿದಳು. ಹೊಗೆ ನೆಟ್ಟಗೆ ಮೇಲೇರಿತು. ಆಮೇಲೆ ಸ್ನಾನದ ಮನೆಯ ಎಕ್ಸಾಸ್ಟ್ ಫ್ಯಾನು ಹಾಕೆಂದಳು. ಹಾಕಿದೆ. ಯಾರೋ ಕೆಳಗಿನಿಂದ ಊದಿದ ಹಾಗೆ ಹೊಗೆಯ ಎಳೆ ಬಾಗಿ ನಮ್ಮ ಕಡೆಗೆ ಬಂತು.

"ಕಂಡ್ರೇನು? ಕೆಟ್ಟ ಗಾಳಿ ಹೊರಗ ಹಾಕಾಕ ಫ್ಯಾನ್ ಹಚ್ಚೀರಿ. ಖೋಲಿ ಬಿಗಿ ಐತಿ. ಹೊರಗಿನ ಗಾಳಿ ಸಿಗದ ಅದು ಹಗೇವಿನಿಂದ ಎಳಕೊಳ್ಳಾಕತ್ತೈತಿ."

ನನ್ನ ಗಂಡ ತಲೆ ಮೇಲೆ ಕೈ ಹೊತ್ತರು. ನಾವು ಕರೆಸಿದ್ದರಿಂದ ಬಂದು ಬಾಗಿಲ ಬಳಿ ನಿಂತಿದ್ದ ಗೌಂಡಿ, ಅಂದರೆ ಈ ಖೋಲಿಯ ಗೋಡೆಗೆ ಗಾರೆಯ ಗಿಲಾಯಿ ಮಾಡಿದ ಮುದುಕ, "ಯಾ ಅಲ್ಲಾ, ನಾವ ಬಾವಿಗೆ ಪಂಪ್ ಇಟ್ಟಂಗಾತಲ್ರಿ ಬಾಯಾರ!" ಎಂದ.

"ಮುಚ್ಚಿಬಿಡ್ತೇನಿ," ಎಂದರು ನನ್ನ ಗಂಡ, ದನಿ ಸಣ್ಣದು ಮಾಡಿ. "ಅಜ್ಜನ ಹೆಸರೂ ಬ್ಯಾಡ, ಏನೂ ಬ್ಯಾಡ. ಕಾಂಕ್ರೀಟ್ ಸುರದ ಬಿಡ್ರಿ."

ಆಗ ಗೆಳತಿ ಹೇಳಿದ ಮಾತನ್ನು ಯಾರೂ ಎಣಿಸಿರಲಿಲ್ಲ. ಕಾಂಕ್ರೀಟು ಸುರಿದರೆ ಗಾಳಿ ಇನ್ನೊಂದು ಸಂದಿ ಹುಡುಕಿಕೊಳ್ಳುತ್ತದೆ. ಬೇರೆ ಮನೆಗಳಲ್ಲಿ ಈ ಗಾಳಿಯನ್ನು ತೆಗೆಯಬೇಕಾದರೆ ನೆಲ ಒಡೆದು, ಕೆಳಗೆ ಒಂದು ಗುಂಡಿ ಮಾಡಿ, ಅದರಿಂದ ಕೊಳವೆ ಹಾಕಿ ಎಳೆಯಬೇಕಾಗುತ್ತದೆ. "ನಿಮ್ಮ ಅಜ್ಜ ಗುಂಡಿ ತೋಡೇ ಇಟ್ಟಾರ" ಎಂದಳು.

ಅಕ್ಕ ಮೊದಲ ಸಲ ಜೋರಾಗಿ ನಕ್ಕರು. ನಕ್ಕು ನಕ್ಕು ಕೆಮ್ಮು ಬಂತು. "ನೋಡೋ ತಮ್ಮಾ, ಅಜ್ಜ ನಿನಗಿಂತ ಶಾಣ್ಯಾ ಇದ್ದ."

ಕೆಲಸ ಶುರುವಾಯಿತು. ಗೌಂಡಿಗೆ ಮೊದಲು ಒಪ್ಪಿಗೆಯೇ ಇರಲಿಲ್ಲ. "ಹಗೇವಿಗೆ ಚಿಮಣಿ? ನನ್ನ ಜಿಂದಗ್ಯಾಗ ಕೇಳಿಲ್ರಿ. ಮಂದಿ ಕೇಳಿದ್ರ ಏನ್ ಹೇಳ್ಲಿ, ಜೋಳ ಬೀಡಿ ಸೇದ್ತಾವ ಅನ್ಲೇನು?" ಎನ್ನುತ್ತಲೇ ಮುಚ್ಚಳದ ಪಕ್ಕದಲ್ಲಿ ರಂಧ್ರ ಕೊರೆದು, ಅಡುಗೆಮನೆಯ ಸಿಂಕಿನ ಪೈಪಿಗಿಂತ ದಪ್ಪನೆಯ ಬಿಳಿ ಕೊಳವೆಯನ್ನು ಹಗೇವಿನ ಹೊಟ್ಟೆಗೆ ಇಳಿಸಿದ. ಅದು ಖೋಲಿಯ ಮೂಲೆಯಿಂದ ಗೋಡೆ ದಾಟಿ, ಮನೆಯ ಹೊರಮೈಗೆ ಅಂಟಿಕೊಂಡು, ಮನೆಯ ಮೇಲಿನ ಬಯಲು ಮಾಳಿಗೆಯನ್ನೂ ದಾಟಿ ಮೇಲೆ ಹೋಯಿತು. ಯಾವ ಕಿಟಕಿಗೂ, ನೀರಿನ ಟಾಕಿಗೂ ಹತ್ತಿರವಾಗದಂತೆ ತುದಿ ನಿಲ್ಲಿಸಿದರು. ಮಾಳಿಗೆಯ ಮೇಲೆ ಕೊಳವೆಯ ನಡುವೆ ಸದಾ ತಿರುಗುವ ಒಂದು ಸಣ್ಣ ಫ್ಯಾನು ಕೂತಿತು. ಕರೆಂಟು ಹೋದರೂ ನಿಲ್ಲದಂತೆ ಅದಕ್ಕೆ ಇನ್ವರ್ಟರಿನ ತಂತಿ.

ಮುಚ್ಚಳದ ಸುತ್ತ, ಗೋಡೆ ನೆಲ ಸೇರುವ ಅಂಚಿನುದ್ದಕ್ಕೂ ರಬ್ಬರಿನಂತೆ ಹಿಗ್ಗುವ ಅಂಟು ತುಂಬಿದರು. ಸಿಮೆಂಟು ಬಿರಿಯುತ್ತದೆ, ಇದು ಬಿರಿಯುವುದಿಲ್ಲ. ಬೇಸಿಗೆಯಲ್ಲಿ ನಮ್ಮ ಕಡೆಯ ಎರೆಮಣ್ಣು ಬಾಯಿ ಬಿಟ್ಟಾಗ ಪಾಯವೂ ಸ್ವಲ್ಪ ಅಲುಗುತ್ತದಂತೆ. ಸ್ನಾನದ ಮನೆಯ ಫ್ಯಾನಿಗೆ ಎದುರಾಗಿ, ಖೋಲಿಯ ಬಾಗಿಲ ಕೆಳಗೆ ಮೇಲಿನ ಮನೆಯ ಗಾಳಿ ಬರಲು ಜಾಲರಿ ಇಟ್ಟರು. ನೀರು ಹೋಗುವ ಮೋರಿಯ ಬಾಗಿದ ಕೊಳವೆಯೊಳಗೆ ಯಾವಾಗಲೂ ನೀರು ನಿಂತಿರಬೇಕು, ಅದು ಒಣಗಿ ಆ ದಾರಿಯಿಂದ ಗಾಳಿ ಬರಬಾರದು ಎಂಬುದು ನನ್ನ ಪಾಲಿನ ಕೆಲಸವಾಯಿತು.

ಕೊನೆಗೆ ಗೆಳತಿ ಖೋಲಿಯೊಳಗೆ ಕೊಳವೆಯ ಮೈಗೆ ಬಾಗಿದ ಪಾರದರ್ಶಕ ನಳಿಕೆಯೊಂದನ್ನು ಕೂರಿಸಿದಳು. ಒಳಗೆ ಬಣ್ಣದ ನೀರು. ಮೇಲಿನ ಫ್ಯಾನು ಎಳೆಯುತ್ತಿದ್ದರೆ ಒಂದು ಕಡೆಯ ನೀರು ಮೇಲೆ, ಇನ್ನೊಂದು ಕಡೆಯದು ಕೆಳಗೆ. ಎರಡೂ ಸಮವಾದರೆ ಫ್ಯಾನು ನಿಂತಿದೆ ಎಂದು. ಬಣ್ಣಕ್ಕೆ ಅಕ್ಕ ತಮ್ಮ ಹಣೆಗೆ ಇಟ್ಟುಕೊಳ್ಳುವ ಕುಂಕುಮ ಕೊಡಲು ಹೋದರು. ಅದು ತಳಕ್ಕೆ ಕೂರುತ್ತದೆಂದು ನಾನು ಬೀಟ್‌ರೂಟ್ ನೀರು ಸೋಸಿ ಕೊಟ್ಟೆ. ಅದೂ ಆಮೇಲೆ ಬಣ್ಣಗೆಟ್ಟಿತು, ಗೆಳತಿ ನಕ್ಕು ತನ್ನ ಪ್ರಯೋಗಾಲಯದ ಬಣ್ಣ ತಂದು ಹಾಕಿದಳು.

ಮತ್ತೆ ಊದುಬತ್ತಿ ಹಚ್ಚಿದೆವು. ಅಂಟು ತುಂಬುವಾಗ ಗೌಂಡಿ ಮುಚ್ಚಳದ ಬದಿಯಲ್ಲಿ ಬೆರಳು ತೂರುವಷ್ಟು ಸಂದಿ ಉಳಿಸಿದ್ದ. ಮೇಲೆ ಫ್ಯಾನು ಹಾಕಿದ ಕೂಡಲೆ ಹೊಗೆ ಮುಖ ತಿರುಗಿಸಿ, ಹಾವು ಬಿಲ ಸೇರಿದಂತೆ ಸಂದಿಯೊಳಗೆ ಇಳಿದುಹೋಯಿತು.

"ಒಳಗ ಹೋತು! ಒಳಗ ಹೋತು!" ಎಂದು ಗೌಂಡಿ ಕೂಗಿದ. ಚಿಮಣಿಯ ಬಗ್ಗೆ ಅವನಿಗಿದ್ದ ಅನುಮಾನವೂ ಅದರ ಜೊತೆಗೇ ಹೋಗಿರಬೇಕು. ಆ ಸಂದಿಯನ್ನು ತಾನೇ ಕೂತು ಬಹಳ ಅಕ್ಕರೆಯಿಂದ ತುಂಬಿದ.

ಆದರೂ ಹೊಗೆಯನ್ನು ನಂಬಿ ಮಂಚ ಇಳಿಸುವಂತಿರಲಿಲ್ಲ. ದೀಪವನ್ನು ನಂಬಿ ಒಮ್ಮೆ ಆಗಿತ್ತಲ್ಲ. ಅಕ್ಕ ಪೆಟ್ಟಿಗೆಯನ್ನು ತಾವೇ ಹೊತ್ತು ಹೋಗಿ ಮಲಗುವ ಎತ್ತರದಲ್ಲಿ ಇಟ್ಟು, ಕಿಟಕಿ ಮುಚ್ಚಿ, ಬಾಗಿಲು ಹಾಕಿ ಬಂದರು. ಆ ವಾರಗಳು ನನಗೆ ಹಿಂದೆ ಮಕ್ಕಳ ಪರೀಕ್ಷೆಯ ಫಲಿತಾಂಶಕ್ಕೆ ಕಾದ ದಿನಗಳಿಗಿಂತ ಉದ್ದವಾದವು. ಹೊರಗೆ ಬಿಸಿಲು ಏರುತ್ತಿತ್ತು. ಅಕ್ಕ ಒದ್ದೆ ಟವೆಲು ಹೆಗಲಿಗೆ ಹಾಕಿಕೊಂಡು ಫ್ಯಾನಿನ ಕೆಳಗೆ ಕೂತು, ಬಾಯಿಂದ ಉಸಿರು ಬಿಡುತ್ತ, ಟ್ರಂಕಿನ ಕಡೆ ನೋಡುತ್ತಿದ್ದರು. ಈ ಸಲ ಅಂಕಿ ಇಳಿಯದಿದ್ದರೆ ಅವರನ್ನು ಈ ಬೇಸಿಗೆಯಲ್ಲಿ ಎಲ್ಲಿಡುವುದು ಎಂಬ ಪ್ರಶ್ನೆಯನ್ನು ನಾನೂ ನನ್ನ ಗಂಡನೂ ಬಾಯಿ ಬಿಟ್ಟು ಆಡಲಿಲ್ಲ.

ನಾನು ರೊಟ್ಟಿ ಬಡಿಯುತ್ತಿದ್ದೆ. ಮೆಟ್ಟಿಲ ಮೇಲೆ ಅವರ ಚಪ್ಪಲಿಯ ಸದ್ದು. ಅವಸರದಲ್ಲಿ ಹತ್ತುತ್ತಿದ್ದರು, ಹಾಗೆ ಹತ್ತಬಾರದು. ಪೆಟ್ಟಿಗೆಯನ್ನು ನನ್ನ ಕಣ್ಣ ಮುಂದೆ ಹಿಡಿದರು. ನಾನು ಹಿಟ್ಟಿನ ಕೈಯಲ್ಲೇ ನೋಡಿದೆ. ನೂರರ ಬಹಳ ಒಳಗೆ ಇತ್ತು.

"ಜ್ವರ ಇಳದೈತಿ," ಎಂದರು ಅಕ್ಕ.

ನಾನು ಹಂಚಿನ ಮೇಲಿನ ರೊಟ್ಟಿ ಮರೆತೆ. ಸುಟ್ಟ ವಾಸನೆಗೆ ನನ್ನ ಗಂಡ ಓಡಿ ಬಂದರು. ಅಂಕಿ ನೋಡಿದರು, ಆ ಕಪ್ಪಾದ ರೊಟ್ಟಿಯನ್ನೇ ಮುರಿದು ಬಾಯಿಗೆ ಹಾಕಿಕೊಂಡರು. ಗೆಳತಿಗೆ ಫೋನು ಮಾಡಿದೆ. ಚಳಿಗಾಲದಲ್ಲಿ ಮತ್ತೊಮ್ಮೆ ಅಳೆಯಬೇಕು, ಆಮೇಲೂ ಆಗಾಗ ನೋಡುತ್ತಿರಬೇಕು, ಆದರೆ ಈಗ ಧಾರಾಳವಾಗಿ ಮಲಗಿಸಿ ಎಂದಳು.

ಮಂಚ, ಟ್ರಂಕು ಅಂದೇ ಇಳಿದವು. ಗಡಿಯಾರದ ಮೊಳೆ ಹೊಡೆಯಲು ಗೌಂಡಿಯನ್ನು ಕರೆಸಿದೆವು. ಅಕ್ಕ ಗೋಡೆಗೆ ಅಡ್ಡ ನಿಂತರು.

"ತಡಿಯಪ್ಪಾ. ಮೊಳಿ ಹೊಡದ್ರ ಆ ತೂತಿನ್ಯಾಗಿಂದ ಮತ್ತ ಬರೂದಿಲ್ಲ ಹೌದಲ್ಲೊ?"

"ಬರೂದಿಲ್ರಿ ಅಕ್ಕಾರ. ಬಂದ್ರೂ ನಿಮಗ ಅಂಜಿ ಹೊಳ್ಳಿ ಹೋಗ್ತೈತಿ."

ಆದರೂ ಮೊಳೆಯ ಬುಡಕ್ಕೆ ಒಂದು ಹನಿ ಅಂಟು ಹಚ್ಚಿಸಿಯೇ ಬಿಟ್ಟರು.

ಮಧ್ಯಾಹ್ನ ಊಟವಾದ ಮೇಲೆ ಅವರು ಮಲಗಲು ಇಳಿದರು. ನಾನು ಮಾಳಿಗೆಗೆ ಹೋಗಿ ಒಣಹಾಕಿದ್ದ ಸಂಡಿಗೆಯ ಹಾಳೆಯನ್ನು ಕೊಳವೆಯಿಂದ ಇನ್ನಷ್ಟು ದೂರ ಎಳೆದೆ. ಸಣ್ಣ ಫ್ಯಾನು ಜೇನಿನಂತೆ ಗುಂಯ್‌ಗುಡುತ್ತಿತ್ತು. ಕೊಳವೆಯ ಮೇಲಿನ ಗಾಳಿ ಬಿಸಿಲಿಗೆ ನಡುಗಿದಂತೆ ಕಂಡಿತು, ಅದು ಬಿಸಿಲೇ ಇರಬೇಕು. ಕೆಳಗಿಳಿದು ಬಾಗಿಲ ಸಂದಿಯಿಂದ ಇಣುಕಿದೆ. ನಳಿಕೆಯ ಕೆಂಪು ನೀರು ಒಂದು ಕಡೆ ಮೇಲೇರಿ ನಿಂತಿತ್ತು. ಅಕ್ಕ ಬಾಯಿ ಮುಚ್ಚಿಕೊಂಡು, ಮೂಗಿನಿಂದಲೇ ಉಸಿರಾಡುತ್ತ ನಿದ್ದೆ ಹೋಗಿದ್ದರು. ನಮ್ಮ ಮನೆಗೆ ಬಂದ ಮೇಲೆ ಅವರು ಹಾಗೆ ಮಲಗಿದ್ದನ್ನು ಅಂದೇ ಮೊದಲು ಕಂಡೆ. ಗಡಿಯಾರ ಗೋಡೆಯ ಮೇಲಿತ್ತು.

ಎದ್ದ ಮೇಲೆ ಚಹಾ ಕುಡಿಯುತ್ತ ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ನನ್ನ ಮುಂದೆ ಇಟ್ಟರು. ಟ್ರಂಕು ಖಾಲಿ ಮಾಡಿದ್ದರು. ಸೀರೆಗಳು ಗೋಡೆಯ ಕಪಾಟಿನಲ್ಲಿ ಅಂಚಿಗೆ ಅಂಚು ಹೊಂದಿಸಿ ಕೂತಿದ್ದವು.

"ಇದನ್ನ ಮ್ಯಾಲ ಒಯ್ಯಿ. ನಿನ್ನ ಕೌದಿ ಇಟ್ಟಕೊಳ್ಳಾಕ ಆಗ್ತೈತಿ," ಎಂದರು. "ಕೀಲಿ ಕಳೀಬ್ಯಾಡ. ಚಲೋ ಬೀಗ ಐತಿ."

ನಾನೂ ಚಹಾಕ್ಕೆಂದು ಉಳಿದಿದ್ದ ಗೌಂಡಿಯೂ ಆ ಟ್ರಂಕನ್ನು ಎರಡು ಕಡೆ ಹಿಡಿದು ಮೆಟ್ಟಿಲು ಹತ್ತಿಸಿದೆವು. ಖಾಲಿ ಇದ್ದುದರಿಂದ ಹಗುರವಾಗಿತ್ತು, ಗೋಡೆಗೆ ತಾಗಿದಾಗಲೆಲ್ಲ ಡಣ್ ಎನ್ನುತ್ತಿತ್ತು. ಕೆಳಗಿನಿಂದ ಅಕ್ಕ, "ಹಗೂರಕ! ನನ್ನ ಗ್ವಾಡಿಯ ಬಣ್ಣ ಹೋದೀತು!" ಎಂದು ಗದರಿದರು.